ನಿಧಾನವೇ ಆ ಕಾದಂಬರಿಯ ಜೀವ

ಮಾನ್ಯರೇ,

ಎಲಿಜಬೆತ್ ಕೊಸ್ಟೋವಾ ಅವರ ‘ದಿ ಹಿಸ್ಟೋರಿಯನ್’ (2005) ಕಾದಂಬರಿಯ ವಿಷಯದಲ್ಲಿ ಓದುಗರದು ಇಂದಿಗೂ ಎರಡು ಪಾಳಯ. ಡ್ರಾಕುಲಾನ ಸಮಾಧಿಯ ಹುಡುಕಾಟ 1930, 1950 ಮತ್ತು 1970ರ ದಶಕಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತದೆ. ವಿಪರೀತ ಎಳೆದಿದ್ದಾರೆ, ಕಥೆ ಹೇಳುವ ಪತ್ರಗಳನ್ನು ಬರೆದ ಪಾತ್ರಗಳೆಲ್ಲದರ ದನಿಯೂ ಒಂದೇ ಎಂಬುದು ಹಲವರ ಆಕ್ಷೇಪ. ಎರಡನೆಯ ದೂರು ನ್ಯಾಯವಾದದ್ದೇ. ಪ್ರಾಧ್ಯಾಪಕ ರೊಸ್ಸಿಯ ಪತ್ರವನ್ನೂ ಶಿಷ್ಯ ಪಾಲ್‌ನ ಪತ್ರವನ್ನೂ ಹೆಸರು ಮುಚ್ಚಿ ಓದಿದರೆ ಯಾರದು ಯಾವುದೆಂದು ಹೇಳುವುದು ಕಷ್ಟ.

ಆದರೆ ನಿಧಾನವನ್ನು ದೋಷವೆನ್ನಲು ನಾನು ಸುತರಾಂ ಒಪ್ಪುವುದಿಲ್ಲ. ಇಲ್ಲಿನ ಪತ್ತೇದಾರರು ಇತಿಹಾಸದ ವಿದ್ವಾಂಸರು. ನಡುವೆ ಡ್ರ್ಯಾಗನ್ ಚಿತ್ರವೊಂದನ್ನು ಬಿಟ್ಟರೆ ಪುಟಗಳೆಲ್ಲ ಖಾಲಿಯಿರುವ ಹಳೆಯ ಪುಸ್ತಕ ಕೈಗೆ ಬಂದಾಗ ಅವರು ಗ್ರಂಥಾಲಯಗಳಿಗೆ ಅಲೆಯುತ್ತಾರೆ. ಇಸ್ತಾಂಬುಲ್‌ನ ದಾಖಲೆಗಳು, ಬುಡಾಪೆಸ್ಟ್, ಬಲ್ಗೇರಿಯಾದ ಮಠಗಳು. ಶೀತಲ ಸಮರದ ದಿನಗಳಲ್ಲಿ ಆ ಗಡಿ ದಾಟುವುದೇ ಒಂದು ಸಾಹಸ. ಶಾಸನದ ಸವೆದ ಅಕ್ಷರ ಬಿಡಿಸುತ್ತ ಕೂರುವ ನಮ್ಮ ಸಂಶೋಧಕರನ್ನು ಬಲ್ಲವರಿಗೆ ಈ ತಾಳ್ಮೆ ಹೊಸದಲ್ಲ.

ನನ್ನ ತಕರಾರು ಇರುವುದು ಮುಕ್ತಾಯದ ಬಗ್ಗೆ. ಮೂರು ತಲೆಮಾರು ಸಾಕ್ಷ್ಯ ಕೂಡಿಸಿದ ಮೇಲೆ ಡ್ರಾಕುಲಾನೊಂದಿಗಿನ ಮುಖಾಮುಖಿಯನ್ನು ಅಷ್ಟು ಅವಸರದಲ್ಲಿ ಮುಗಿಸಬಾರದಿತ್ತು.

– ಓದುಗ, ಶಿವಮೊಗ್ಗ