ಅಪ್ಪನ ಉಬ್ಬಸ, ಕಾವೇರಿಯ ಟರ್ಪೆಂಟೈನ್

ದಿ ಹೇಗ್, ನೆದರ್ಲೆಂಡ್ಸ್

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಆರಾಮಾಗಿದ್ದೇನೆ, ಊಟ-ತಿಂಡಿಗೆ ಏನೂ ತೊಂದರೆಯಿಲ್ಲ.

ನಿನ್ನ ಕಾಗದ ಓದಿದಾಗಿನಿಂದ ಅಪ್ಪನ ಉಬ್ಬಸದ್ದೇ ಯೋಚನೆ. ಕಾವೇರಿ ‘ಮುತ್ತಿನೋಲೆಯ ಹುಡುಗಿ’ ಎಂಬ ಹಳೆಯ ತೈಲಚಿತ್ರವನ್ನು ನೋಡಿ ಬರೆದು ಕಲಿಯುತ್ತಿರುವುದು ಸಂತೋಷವೇ. ಆದರೆ ಬಣ್ಣ ತೆಳುಮಾಡಲು, ಕುಂಚ ತೊಳೆಯಲು ಬಳಸುವ ಆ ಟರ್ಪೆಂಟೈನ್ ಬಾಟಲಿ ಇವತ್ತೇ ಮನೆಯಿಂದಾಚೆ ಹೋಗಲಿ. ಮಳೆಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಆ ಆವಿ ಅಪ್ಪನ ಎದೆಗೆ ಆಗುವುದಿಲ್ಲ. ಅದಿಲ್ಲದೆಯೂ ತೈಲಚಿತ್ರ ಬರೆಯಬಹುದು: ಕುಂಚವನ್ನು ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಒರೆಸಿ, ಸೋಪು ಹಾಕಿ ತೊಳೆದರಾಯಿತು. ಬಣ್ಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಬಾರದು, ಅದು ಒಣಗುವುದೇ ಇಲ್ಲ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುವುದುಂಟು. ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಡಲಿ. ಕಾಫಿ ಚೀಲದ ಕೋಣೆಯಲ್ಲಂತೂ ಬೇಡವೇ ಬೇಡ.

ಬಣ್ಣ ಒಣಗುತ್ತಿಲ್ಲ ಅಂದಳಂತಲ್ಲ, ಎಣ್ಣೆ ಬಣ್ಣ ನೀರಿನಂತೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಮಡಿಕೇರಿಯ ಥಂಡಿಗೆ ಇನ್ನೂ ನಿಧಾನ. ಅಡಿಪದರಕ್ಕೆ ಬರ್ನ್ಟ್ ಅಂಬರ್ ಅನ್ನುವ ಕಂದು ಬಣ್ಣ ಹಾಕಲಿ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಎಣ್ಣೆ ಸೇರಿಸದೆ ಒರಟು ಕುಂಚದಲ್ಲಿ ತೆಳ್ಳಗೆ ಉಜ್ಜಬೇಕು. ಎಣ್ಣೆ ಹೆಚ್ಚಿರುವ ಪದರ ಯಾವಾಗಲೂ ಮೇಲೆ. ತಿರುಗುಮುರುಗಾದರೆ ಮೇಲಿನದು ಮೊದಲು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕ್ಯಾನ್ವಾಸನ್ನು ಗೋಡೆಗೆ ಅಂಟಿಸಿ ಇಟ್ಟರೆ ಹಿಂದೆ ಬೂಷ್ಟು ಹಿಡಿಯುತ್ತದೆ.

ಮೂಲಚಿತ್ರ ಇಲ್ಲೇ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ಡಚ್ ಚಿತ್ರಕಾರ ಫೆರ್ಮೀರ್ 1665ರ ಸುಮಾರಿಗೆ ಬರೆದದ್ದು, ಅಳತೆ 44.5 × 39 ಸೆಂ.ಮೀ. ಅಷ್ಟೇ. 1881ರಲ್ಲಿ ಹರಾಜಿಗೆ ಬಂದಾಗ ಬರೀ ಎರಡು ಗಿಲ್ಡರ್ (ಇಲ್ಲಿಯ ಹಳೆಯ ನಾಣ್ಯ), ಮೂವತ್ತು ಸೆಂಟಿಗೆ ಹೋಯಿತಂತೆ! ಈಗ ಅದನ್ನು ನೋಡಲು ಪ್ರಪಂಚದ ಜನವೆಲ್ಲ ಇಲ್ಲಿಗೆ ಬರುತ್ತಾರೆ. ಬೆಳಕು ಬಿದ್ದ ಕಡೆ ಮೂಗಿಗೂ ಕೆನ್ನೆಗೂ ನಡುವೆ ಗೆರೆಯೇ ಇಲ್ಲ, ಎರಡೂ ಒಂದೇ ಬಣ್ಣದಲ್ಲಿ ಬೆರೆತಿವೆ. ಅಲ್ಲಿ ಗೆರೆ ಎಳೆದರೆ ಮುಖ ಕೆಟ್ಟಿತು. ಮುತ್ತಿಗೂ ಅಂಚಿಲ್ಲ, ಕೊಂಡಿಯೂ ಇಲ್ಲ. ಮೇಲೆ ಬಿಳಿಯ ದಪ್ಪ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ, ಮುತ್ತು ಅಂದರೆ ಅಷ್ಟೇ. ಹಿನ್ನೆಲೆಗೆ ಬರೀ ಕಪ್ಪು ಬಳಿಯಬೇಡ ಅನ್ನು. 2018ರಲ್ಲಿ ಪರೀಕ್ಷೆ ಮಾಡಿದಾಗ ಅಲ್ಲಿ ಹಸಿರು ಪರದೆ ಇತ್ತೆಂದು ಗೊತ್ತಾಯಿತು, ಕಾಲ ಕಳೆದು ಬಣ್ಣ ಮಾಸಿದೆ. ಕಪ್ಪು ಒಣಗಿದ ಮೇಲೆ ತೆಳುವಾದ ಹಸಿರು ಹಾಯಿಸಲಿ.

ಅಪ್ಪನಿಗೆ ಇನ್ಹೇಲರ್ ತಪ್ಪಿಸಬೇಡ. ಕೆಮ್ಮು ಇಳಿಯದಿದ್ದರೆ ಮಳೆ ಅಂತ ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ದುಡ್ಡು ಕಳಿಸಿದ್ದೇನೆ. ನನಗಿಲ್ಲಿ ಏನೂ ಕಡಿಮೆಯಿಲ್ಲ, ನಿಜವಾಗಿಯೂ. ಟ್ರಾಮಿಗೆ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ ನಿನ್ನ ಮಗಳು
ಸೀತಾ