ಚರ್ಚಿನಲ್ಲಿ ಅರ್ಧ ತಾಸು ಮೌನಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಧ್ಯಾನದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತವೆ. ಕ್ರೈಸ್ತರ ಮಾತು ಅಲ್ಲಿ ಕಾಣುವುದು ಕಡಿಮೆ. ಬರೆಯುವವರನ್ನು ದೂರಿ ಫಲವಿಲ್ಲ. ನಮ್ಮ ಪ್ರಾರ್ಥನೆ ಅಂದರೆ ಹಾಡು, ಕೀಬೋರ್ಡು, ಮೈಕು ಅಂತ ಊರಿಗೆ ತೋರಿಸಿದವರು ನಾವೇ ಅಲ್ವಾ? ಪೂಜೆಯಲ್ಲಿ ಪರಮಪ್ರಸಾದ (ಯೇಸುವಿನ ಶರೀರವೆಂದು ನಂಬಿ ನಾವು ಪಡೆಯುವ ರೊಟ್ಟಿ) ಸ್ವೀಕರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಎಷ್ಟೋ ಕಡೆ ಆಗಲೇ ಇನ್ನೊಂದು ಹಾಡು ಶುರು. ಅದು ಮುಗಿದರೆ ಪ್ರಕಟಣೆ.

ನಾನು ಮಾನ್ವಿ ತಾಲ್ಲೂಕಿನವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ, ಮೇಲಿನವರು ಬಿಟ್ಟ ನೀರಿಗೆ ಕಾಯುವವನು. ಹಾಗಾಗಿ ಆವಿಲಾದ ಸಂತ ತೆರೇಸಾ ಬರೆದದ್ದನ್ನು ಒಬ್ಬ ಸಿಸ್ಟರ್ ಹೇಳಿದಾಗ ಥಟ್ಟನೆ ಅರ್ಥವಾಯಿತು. 16ನೇ ಶತಮಾನದ ಸ್ಪೇನಿನ ಆ ಸನ್ಯಾಸಿನಿ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ಕೆಲಸಕ್ಕೆ ಹೋಲಿಸುತ್ತಾರೆ. ಮೊದಮೊದಲು ಬಾವಿಯಿಂದ ಸೇದಬೇಕು, ರಟ್ಟೆ ನೋಯುತ್ತದೆ. ಆಮೇಲೆ ನೀರೆತ್ತುವ ಚಕ್ರ ಸಿಗುತ್ತದೆ, ಶ್ರಮ ಕಡಿಮೆ. ನಂತರ ಹೊಳೆಯ ನೀರೇ ಹರಿದು ಬರುತ್ತದೆ. ಕೊನೆಗೆ ಮಳೆ. ಆಗ ತೋಟದವನಿಗೆ ಕೆಲಸವೇ ಇಲ್ಲ. ದೇವರ ಕೃಪೆ ಅಂದರೆ ಅದು. ಯಾರನ್ನೋ ಹಿಡಿದು ರಾತ್ರೋರಾತ್ರಿ ಗೇಟು ಎತ್ತಿಸಿ ತರುವಂಥದ್ದಲ್ಲ.

ಹಾಗಂತ ಸೇದುವುದನ್ನು ಬಿಡುವಂತಿಲ್ಲ. ತೆರೇಸಾ ಅವರೂ ವರ್ಷಗಟ್ಟಲೆ ಒದ್ದಾಡಿದವರೇ. ಪ್ರಾರ್ಥನೆಯ ತಾಸು ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೆ ಕಾಯುತ್ತಿದ್ದುದನ್ನು ಮುಚ್ಚಿಡದೆ ಬರೆದಿದ್ದಾರೆ. 1970ರಲ್ಲಿ ಪೋಪ್ ಆರನೇ ಪಾಲ್ ಇವರನ್ನು ಧರ್ಮಸಭೆಯ ಆಚಾರ್ಯರೆಂದು, ಅಂದರೆ ಇಡೀ ಕಥೋಲಿಕ ಸಭೆಗೆ ದಾರಿ ತೋರುವ ಬೋಧಕರೆಂದು ಸಾರಿದರು. ಆ ಗೌರವ ಪಡೆದ ಮೊದಲ ಮಹಿಳೆ ಇವರು.

ನಾನು ಮಾಡುವುದು ದೊಡ್ಡದೇನಲ್ಲ. ನೀರಿನ ಸರದಿ ಕಾಯುವಾಗ ಕಾಲುವೆ ದಂಡೆಯ ಮೇಲೆ ಕೂತು ಮನಸ್ಸಿನಲ್ಲಿ ‘ಯೇಸುವೇ’ ಅನ್ನುತ್ತೇನೆ, ಅಷ್ಟೇ. ಸಾಲ, ಗೊಬ್ಬರ, ಬದುವಿನ ತಕರಾರು ಎಲ್ಲ ನುಗ್ಗಿ ಬರುತ್ತವೆ. ಅವನ್ನು ಓಡಿಸಲು ಹೋಗುವುದಿಲ್ಲ, ಮತ್ತೆ ಆ ಹೆಸರಿಗೆ ವಾಪಸ್ ಬರುತ್ತೇನೆ. ಬಹಳ ಸಲ ಸೊಳ್ಳೆ ಕಡಿತ ಬಿಟ್ಟರೆ ಬೇರೇನೂ ಆಗುವುದಿಲ್ಲ. ಆದರೂ ಕಾಲುವೆಯ ಮೇಲ್ಭಾಗದವರ ಮೇಲೆ ಮೊದಲಿನಷ್ಟು ಸಿಟ್ಟಿಲ್ಲ. (ನೀರಿಗೆ ಅರ್ಜಿ ಹಾಕುವುದನ್ನು ಮಾತ್ರ ಬಿಟ್ಟಿಲ್ಲ.)

ನಮ್ಮ ಭಾಗದ ಗುರುಗಳಲ್ಲಿ ಒಂದು ಕೋರಿಕೆ. ಭಾನುವಾರ ಪೂಜೆ ಮುಗಿದ ತಕ್ಷಣ ಬೀಗ ಹಾಕಬೇಡಿ. ಅರ್ಧ ತಾಸು ಬಾಗಿಲು ತೆರೆದಿರಲಿ, ಮೈಕ್ ಬೇಡ, ಉಪದೇಶವೂ ಬೇಡ. ಯಾವ ಧರ್ಮದವರಾದರೂ ಬಂದು ಕೂರಲಿ. ರಾಯಚೂರಿನ ಬಿಸಿಲಿಗೆ ಫ್ಯಾನ್ ಮಾತ್ರ ಹಾಕಿರಿ.

– ಕೊನೆಭಾಗದ ಒಬ್ಬ ರೈತ, ಮಾನ್ವಿ ತಾಲ್ಲೂಕು