ಗೆಳೆಯನಿಗೊಂದು ಪತ್ರ: ಕೊನೆ ಗೊತ್ತಿರುವ ಕಥೆಗೆ ನಾನೂರು ಪುಟ ಯಾಕೆ?

ಪ್ರೀತಿಯ ಸುಧೀ,

ಸಿಂಡ್ರೆಲಾಗೆ ಕೊನೆಗೆ ರಾಜಕುಮಾರ ಸಿಗುತ್ತಾನೆ ಅಂತ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಅದನ್ನೇ ನಾನೂರು ಪುಟ ಎಳೆದರೆ ಯಾರು ಓದುತ್ತಾರೆ ಅಂತ ಕೇಳಿದ್ದೀಯ. ಕೊನೆ ಗೊತ್ತಿರುವುದೇ ಇಲ್ಲಿನ ಬಂಡವಾಳ ಕಣೋ. ವಾಲಿವಧೆ ತಾಳಮದ್ದಲೆಗೆ ಕೂತವರಲ್ಲಿ ವಾಲಿ ಈ ಸಲ ಬದುಕಿಕೊಂಡಾನು ಎಂದು ಕಾಯುವವರು ಒಬ್ಬರೂ ಇರುವುದಿಲ್ಲ. ಬಾಣ ನೆಟ್ಟ ಮೇಲೆ ಅವನು ಕೇಳುವ ಪ್ರಶ್ನೆಗೆ ಇವತ್ತಿನ ರಾಮ ಏನು ಹೇಳುತ್ತಾನೆ ಅನ್ನುವುದಕ್ಕೆ ನಿದ್ದೆಗೆಡುತ್ತಾರೆ.

ಕಿನ್ನರ ಕಥೆಗಳನ್ನು ಮತ್ತೆ ಹೇಳುವ ಫ್ಯಾಂಟಸಿ ಕಾದಂಬರಿಗಳ ಸೆಳೆತವೂ ಅದೇ ಜಾತಿಯದು. ಹಳೆಯ ಕಥೆಯಲ್ಲಿ ಎಲ್ಲೋ ಒಂದು ತೂತು ಇರುತ್ತದೆ. ಯಾರೋ ಏನೋ ಮಾಡುತ್ತಾರೆ, ಯಾಕೆ ಅಂತ ಹೇಳದೆ ಕಥೆ ಮುಂದೆ ಹೋಗಿಬಿಡುತ್ತದೆ. ಅಜ್ಜಿ ಹೇಳುವಾಗ ಮಕ್ಕಳು ಅಲ್ಲೇ ತಡೆದು "ಯಾಕಜ್ಜಿ?" ಅನ್ನುತ್ತವಲ್ಲ, ಒಳ್ಳೆಯ ಲೇಖಕಿ ಕೈ ಹಾಕುವುದು ಅಲ್ಲಿಗೇ.

ರಂಪಲ್‌ಸ್ಟಿಲ್ಟ್‌ಸ್ಕಿನ್ ಕಥೆಯನ್ನೇ ತಗೋ. ಗಿರಣಿಯವನೊಬ್ಬ ತನ್ನ ಮಗಳು ಹುಲ್ಲನ್ನು ನೂತು ಚಿನ್ನ ಮಾಡುತ್ತಾಳೆ ಅಂತ ರಾಜನ ಮುಂದೆ ಬಡಾಯಿ ಕೊಚ್ಚುತ್ತಾನೆ. ರಾಜ ಅವಳನ್ನು ಹುಲ್ಲು ತುಂಬಿದ ಕೋಣೆಗೆ ನೂಕಿ, ಬೆಳಗಾಗುವಷ್ಟರಲ್ಲಿ ಚಿನ್ನವಾಗದಿದ್ದರೆ ತಲೆ ಹೋಗುತ್ತದೆ ಅನ್ನುತ್ತಾನೆ. ಒಬ್ಬ ಕುಳ್ಳ ಬಂದು ನೂತು ಕೊಡುತ್ತಾನೆ. ಮೊದಲ ರಾತ್ರಿಯ ಕೂಲಿ ಕತ್ತಿನ ಸರ, ಎರಡನೆಯದಕ್ಕೆ ಉಂಗುರ, ಮೂರನೆಯದಕ್ಕೆ ಹುಟ್ಟಲಿರುವ ಮೊದಲ ಮಗು. ಅವಳು ರಾಣಿಯಾಗಿ ಮಗು ಹೆತ್ತ ಮೇಲೆ ಕುಳ್ಳ ಬಾಕಿ ಕೇಳಲು ಬರುತ್ತಾನೆ. ಮೂರು ದಿನದೊಳಗೆ ತನ್ನ ಹೆಸರು ಹೇಳಿದರೆ ಮಗು ಬೇಡ ಅನ್ನುತ್ತಾನೆ. ಹೆಸರು ಸಿಕ್ಕಿಬಿಡುತ್ತದೆ, ಅವನು ಸಿಟ್ಟಿನಿಂದ ತನ್ನನ್ನೇ ಸೀಳಿಕೊಳ್ಳುತ್ತಾನೆ.

ಈಗ ಲೆಕ್ಕ ಹಾಕು. ಸುಳ್ಳು ಹೇಳಿದ ಅಪ್ಪನಿಗೆ ಶಿಕ್ಷೆಯಿಲ್ಲ. ತಲೆ ತೆಗೆಯುತ್ತೇನೆ ಅಂದ ರಾಜ ಅವಳ ಗಂಡನಾದ. ಇಡೀ ಕಥೆಯಲ್ಲಿ ಕೊಟ್ಟ ಮಾತಿನಂತೆ ಕೆಲಸ ಮಾಡಿದವನು ಕುಳ್ಳ ಒಬ್ಬನೇ, ಸತ್ತವನೂ ಅವನೇ. ತೂತು ಸಣ್ಣದಲ್ಲ!

ಇನ್ನೊಂದು ಸ್ವಾರಸ್ಯ ಕೇಳು. ಈ ಕಥೆಯ ರೂಪವೂ ಒಂದೇ ಅಲ್ಲ. ಇದನ್ನು ಬರೆದಿಟ್ಟ ಜರ್ಮನಿಯ ಗ್ರಿಮ್ ಸಹೋದರರ 1810ರ ಹಸ್ತಪ್ರತಿಯಲ್ಲಿ ಹುಡುಗಿಯ ಕಷ್ಟ ಪೂರಾ ಉಲ್ಟಾ. ಅಗಸೆ ನಾರು ನೂಲಲು ಕೂತರೆ ಬರೀ ಚಿನ್ನದ ಎಳೆ ಬರುತ್ತದೆ, ನೂಲು ಬರುವುದೇ ಇಲ್ಲ ಅಂತ ಅವಳ ಗೋಳು. 1812ರ ಅಚ್ಚಿನಲ್ಲಿ ಕುಳ್ಳ ಸಿಟ್ಟು ಮಾಡಿಕೊಂಡು ಓಡಿಹೋಗುತ್ತಾನೆ, ಅಷ್ಟೇ. ಸೀಳಿಕೊಳ್ಳುವುದು 1819ರ ಆವೃತ್ತಿಯಲ್ಲಿ ಸೇರಿದ್ದು. ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು 1812ರಲ್ಲಿ ಹೆತ್ತ ತಾಯಿ. 1819ರ ಹೊತ್ತಿಗೆ ಅವಳನ್ನು ಮಲತಾಯಿ ಮಾಡಿದರು, ಓದುವ ಮನೆಗಳಿಗೆ ಮುಜುಗರ ಆಗಬಾರದಲ್ಲ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕೆಂಪು ಟೋಪಿಯ ಹುಡುಗಿ ತೋಳದ ಹೊಟ್ಟೆ ಸೇರಿದಲ್ಲಿಗೆ ಕಥೆ ಮುಗಿಯುತ್ತದೆ, ಬೇಟೆಗಾರ ಬಂದು ಬಿಡಿಸುವುದಿಲ್ಲ. ಹಾಗಾಗಿ "ಮೂಲ ಕಥೆ ಕೆಡಿಸಿದರು" ಅಂತ ಯಾರಾದರೂ ಗೊಣಗಿದರೆ, ಯಾವ ವರ್ಷದ ಮೂಲ ಅಂತ ಕೇಳು.

ಮತ್ತೆ ಕುಳ್ಳನ ಕಥೆಗೆ ಬರೋಣ. ನವೋಮಿ ನೋವಿಕ್ 2018ರಲ್ಲಿ 'ಸ್ಪಿನ್ನಿಂಗ್ ಸಿಲ್ವರ್' ಬರೆದಾಗ ಹಿಡಿದದ್ದು ಸಾಲದ ಎಳೆ. ಇದು ತೀರಿಸಬೇಕಾದ ಸಾಲದಿಂದ ನುಣುಚಿಕೊಂಡವರ ಕಥೆ ಅಂತ ಮೊದಲ ಪುಟದಲ್ಲೇ ಹೇಳಿಬಿಡುತ್ತಾಳೆ. ಕಾದಂಬರಿಯ ಮಿರ್ಯೆಮ್ ಯಹೂದಿ ಲೇವಾದೇವಿಗಾರನ ಮಗಳು. ಅಪ್ಪ ಸಾಧು, ಕೊಟ್ಟ ದುಡ್ಡು ಕೇಳಲು ನಾಚುತ್ತಾನೆ. ಮನೆಯಲ್ಲಿ ಅಮ್ಮ ಕಾಯಿಲೆ ಬಿದ್ದಾಗ ಮಗಳೇ ವಸೂಲಿಗೆ ಇಳಿಯುತ್ತಾಳೆ. ತಾನು ಬೆಳ್ಳಿಯನ್ನು ಚಿನ್ನ ಮಾಡಬಲ್ಲೆ ಅಂತ ಅವಳು ಕಾಡಿನ ದಾರಿಯಲ್ಲಿ ಆಡಿದ ಮಾತು ಹಿಮಲೋಕದ ರಾಜನ ಕಿವಿಗೆ ಬೀಳುತ್ತದೆ. ಅವನು ಮೊದಲು 6 ಬೆಳ್ಳಿ ನಾಣ್ಯ ತಂದುಕೊಡುತ್ತಾನೆ, ಆಮೇಲೆ 60, ಆಮೇಲೆ 600. ಅವಳ ಹತ್ತಿರ ಮಂತ್ರವೇನೂ ಇಲ್ಲ. ಅಕ್ಕಸಾಲಿಯಿಂದ ಮೊದಲು ಉಂಗುರ, ನಂತರ ಸರ, ಕೊನೆಗೆ ಕಿರೀಟ ಮಾಡಿಸಿ, ಡ್ಯೂಕ್‌ಗೆ ಚಿನ್ನಕ್ಕೆ ಮಾರುತ್ತಾಳೆ. ಬೆಳ್ಳಿ ಚಿನ್ನವಾಯಿತಲ್ಲ! ಹಳೆಯ ಕಥೆಯಲ್ಲಿ ಕೂಲಿಯಾಗಿ ಕೈಬಿಟ್ಟುಹೋಗಿದ್ದ ಸರವೂ ಉಂಗುರವೂ ಇಲ್ಲಿ ಮಾರುವ ಸರಕಾಗಿ ತಿರುಗಿ ಬಂದಿವೆ. ಹೆಸರಿನ ಗುಟ್ಟನ್ನು ಏನು ಮಾಡಿದ್ದಾಳೆ ಅಂತ ನಾನು ಹೇಳುವುದಿಲ್ಲ, ಅದನ್ನು ನೀನೇ ಓದಬೇಕು.

ಗೇಲ್ ಕಾರ್ಸನ್ ಲೆವಿನ್‌ಳ 'ಎಲಾ ಎನ್‌ಚಾಂಟೆಡ್' 1997ರದು, ಮಕ್ಕಳಿಗೆ ಬರೆದದ್ದು, ಎರಡು ಸಂಜೆಗೆ ಮುಗಿಯುತ್ತದೆ. ಅಷ್ಟೆಲ್ಲ ಬಯ್ಗುಳ ತಿಂದೂ ಸಿಂಡ್ರೆಲಾ ಹೇಳಿದ ಮಾತು ಯಾಕೆ ಕೇಳುತ್ತಿದ್ದಳು ಅನ್ನುವುದು ಅದು ಹಿಡಿದ ತೂತು. ಹುಟ್ಟಿದಾಗ ಕಿನ್ನರಿಯೊಬ್ಬಳು ಆಜ್ಞೆ ಮೀರಲಾಗದ 'ವರ' ಕೊಟ್ಟಿದ್ದಾಳೆ, ಅದಕ್ಕೇ. ಒಂದೇ ನಿಯಮ. ಮಲಸೋದರಿಯ ಕಾಟದಿಂದ ಹಿಡಿದು ರಾಜಕುಮಾರನನ್ನು ಬೇಡ ಅನ್ನಬೇಕಾಗುವ ಸಂಕಟದವರೆಗೆ ಎಲ್ಲವೂ ಅದರಿಂದಲೇ ಹುಟ್ಟುತ್ತದೆ. ಕಥೆ ಕಟ್ಟುವ ಬಗೆ ನೋಡಬೇಕಾದರೆ ಇದರಿಂದ ಶುರುಮಾಡು.

ಇನ್ನು, ಕೆಡುವುದು ಎಲ್ಲಿ? ಇಂಥ ಪುಸ್ತಕಗಳಲ್ಲಿ ಜಳ್ಳೇ ಜಾಸ್ತಿ, ಮುಚ್ಚಿಡುವುದಿಲ್ಲ. ಬಹಳಷ್ಟು ಸೋಲುವುದು ನಡುವಿನಲ್ಲಿ. ಕಿನ್ನರ ಕಥೆಗೆ ಶುರು ಇದೆ, ಕೊನೆ ಇದೆ, ನಡು ಇಲ್ಲ. ಗ್ರಿಮ್ ಕಥೆ ನಾಲ್ಕೈದು ಪುಟದಲ್ಲಿ ಮೂರು ರಾತ್ರಿ ಕಳೆದು ಮುಗಿದಿರುತ್ತದೆ. ಅದನ್ನು ನಾನೂರು ಪುಟ ಮಾಡಲು ಹೊರಟವರು ಹೊಟ್ಟೆಗೆ ಅರಮನೆಯ ಒಳಸಂಚು ತುಂಬುತ್ತಾರೆ, ಮಂತ್ರಿಯ ಮಗ, ಗಡಿಯ ಯುದ್ಧ, ಇನ್ನೊಬ್ಬ ಪ್ರೇಮಿ. ಹಿಟ್ಟು ಕಮ್ಮಿಯಾಯಿತು ಅಂತ ನೀರು ಹೊಯ್ದಂತೆ. ಬಲ್ಲವರು ಎರಡನೇ ತೂತು ಹುಡುಕಿ ಮೊದಲಿನದಕ್ಕೆ ಹೆಣೆಯುತ್ತಾರೆ. ಮಿರ್ಯೆಮ್ ಮಾರಿದ ಅದೇ ಉಂಗುರ, ಸರ, ಕಿರೀಟ ಡ್ಯೂಕ್‌ನ ಮಗಳು ಐರಿನಾಳ ಮೈಮೇಲೆ ಬಂದು, ಕನ್ನಡಿ ದಾಟಿ ಹಿಮಲೋಕಕ್ಕೆ ಹೋಗುವ ಶಕ್ತಿಯಾಗುತ್ತವೆ. ಅವಳ ಗಂಡನಾಗುವ ಝಾರ್‌ನ ಮೈಯೊಳಗೆ ಬೆಂಕಿಯ ಭೂತ ಹೊಕ್ಕಿದೆ. ಒಂದು ಕಡೆ ಹಿಮ, ಒಂದು ಕಡೆ ಬೆಂಕಿ, ನಡುವೆ ಮೂರು ಒಡವೆ. ಹೀಗೆ ಹೆಣೆದರೆ ಪುಟ ತಾನಾಗಿ ತುಂಬುತ್ತದೆ.

ಎರಡನೇ ಕಾಯಿಲೆ ಮಾಯೆಯ ಬೆಲೆ ಮರೆಯುವುದು. ಹಳೆಯ ಕಥೆಯಲ್ಲಿ ಮಾಯೆ ಪುಕ್ಕಟೆ ಸಿಗುವುದು ಅಪರೂಪ. ಬೆಲೆ ಇರುತ್ತದೆ, ಇಲ್ಲವೇ ಗಡುವು ಇರುತ್ತದೆ. ಸರ, ಉಂಗುರ, ಮಗು ಅಂತ ಬೆಲೆ ಏರುತ್ತಾ ಹೋದದ್ದಕ್ಕೇ ಮೂರನೇ ರಾತ್ರಿ ಎದೆ ಹೊಡೆದುಕೊಳ್ಳುವುದು. ನಾಯಕಿ ಕೈ ಬೀಸಿದಾಗೆಲ್ಲ ಕೆಲಸವಾಗುವ ಕಾದಂಬರಿಯಲ್ಲಿ ಹನ್ನೆರಡು ಗಂಟೆ ಹೊಡೆದರೆ ಯಾರಿಗೆ ಭಯ? ಕುಂಬಳಕಾಯಿ ಸಾರೋಟಾದಾಗ ಅದರ ತಿರುಳು ಎಲ್ಲಿಗೆ ಹೋಯಿತು ಅಂತ ಮೂರು ಪುಟ ವಿವರಿಸುವವರೂ ಇದ್ದಾರೆ. ಅವರಿಗೆ ದೊಡ್ಡ ನಮಸ್ಕಾರ.

ಮೂರನೆಯದು ಈಚಿನ ಗೀಳು. ಮಾಟಗಾತಿಗೂ ಮಲತಾಯಿಗೂ ಕಣ್ಣೀರಿನ ಬಾಲ್ಯವೊಂದನ್ನು ಅಂಟಿಸಿ, ಪಾಪ ಅವಳೇನು ಮಾಡಿಯಾಳು ಅನ್ನಿಸುವುದು. ಕಾರಣ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಮಗುವನ್ನು ಕಾಡಿಗೆ ಕಳಿಸಿದ್ದು ಕಳಿಸಿದ್ದೇ. ಆ ಹಾನಿ ಹಗುರವಾದ ಕೂಡಲೇ ಕಥೆಯ ಹಲ್ಲು ಉದುರುತ್ತದೆ. ಜೇನ್ ಯೋಲನ್ 1992ರ 'ಬ್ರಾಯರ್ ರೋಸ್' ಕಾದಂಬರಿಯಲ್ಲಿ ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆಯನ್ನು ನಾಜಿಗಳ ಹೆಲ್ಮ್‌ನೋ ಸಾವಿನ ಶಿಬಿರಕ್ಕೆ ಒಯ್ದಿದ್ದಾಳೆ. ಮುಳ್ಳಿನ ಬೇಲಿ ಅಲ್ಲಿ ಮುಳ್ಳುತಂತಿ, ನಿದ್ದೆ ಅಲ್ಲಿ ವಿಷದ ಗಾಳಿ. ಹಾನಿಯನ್ನು ಒಂದು ಗುಲಗಂಜಿಯಷ್ಟೂ ಇಳಿಸಿಲ್ಲ. ಮಲಗುವ ಮುಂಚೆ ಓದಬೇಡ.

ನಮ್ಮಲ್ಲೂ ಇಂಥ ತೂತುಗಳಿಗೆ ಬರವಿಲ್ಲ. ಎ.ಕೆ. ರಾಮಾನುಜನ್ ಕನ್ನಡದ ಸಿಂಡ್ರೆಲಾ ಅಂತ ಕರೆದ 'ಹಂಚಿ'ಯ ಕಥೆಯಲ್ಲಿ ಹೊನ್ನಿನ ಕೂದಲಿನ ಹುಡುಗಿಯ ಮೇಲೆ ಒಡಹುಟ್ಟಿದವನೇ ಕಣ್ಣು ಹಾಕುತ್ತಾನೆ. ತಾಯಿ ಅವಳಿಗೆ ಮಣ್ಣಿನ ಮುಖವಾಡ ಹಾಕಿಸಿ ಮನೆಯಿಂದ ಕಳಿಸುತ್ತಾಳೆ. ತಪ್ಪು ಅವನದು, ಮುಖ ಮುಚ್ಚಿಕೊಂಡು ಊರು ಬಿಟ್ಟವಳು ಇವಳು. ಮದುವೆಯಾದರೂ ಕಥೆ ಮುಗಿಯುವುದಿಲ್ಲ, ಆಮೇಲೆ ಗುರುವೊಬ್ಬನ ಕಾಟ ಕಾದಿರುತ್ತದೆ. ನಡು ಇಲ್ಲ ಅಂತ ಆಗಲೇ ಅಂದೆನಲ್ಲ, ಇದಕ್ಕೆ ನಡು ಹುಟ್ಟಿನಿಂದಲೇ ಇದೆ. ಒಂದು ದಪ್ಪ ಕಾದಂಬರಿಯನ್ನು ಸಲೀಸಾಗಿ ಹೊರುತ್ತದೆ. ಕಾರ್ನಾಡರ 'ನಾಗಮಂಡಲ' ನಿಂತಿರುವುದೂ ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳ ಮೇಲೆ ಅಂತ ನಿನಗೆ ಗೊತ್ತೇ ಇದೆ. ಅಲ್ಲಿ ಒಂದೇ ಕೊನೆಗೆ ತೃಪ್ತಿಪಡದೆ ಇನ್ನೊಂದು ಕೇಳುತ್ತಾರೆ, ನೆನಪಿದೆಯಾ?

ಹಾಗಾಗಿ ಓದುವ ಕ್ರಮ ಹೇಳುತ್ತೇನೆ. ಮೊದಲು ಹಳೆಯ ಕಥೆ ಓದು, ಕಾಲು ಗಂಟೆ ಸಾಕು. ಜ್ಯಾಕ್ ಝೈಪ್ಸ್ 1812 ಮತ್ತು 1815ರ ಗ್ರಿಮ್ ಕಥೆಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ 2014ರಲ್ಲಿ ಬಂದಿದೆ. ತಿದ್ದುಪಡಿಗೆ ಮುಂಚಿನ ಒರಟು ರೂಪ ಅದರಲ್ಲಿದೆ. ಓದಿ ಮುಗಿಸಿದ ಕೂಡಲೇ, ಕಾದಂಬರಿ ತೆರೆಯುವ ಮುಂಚೆ, ನಿನಗೆ ಬಂದ "ಯಾಕೆ?"ಯನ್ನು ಒಂದು ಚೀಟಿಯಲ್ಲಿ ಬರೆದು ಕಾದಂಬರಿಯ ನೂರನೇ ಪುಟದಲ್ಲಿ ಇಡು. ಅಲ್ಲಿಗೆ ತಲುಪಿದಾಗ ಚೀಟಿ ನೋಡು. ಲೇಖಕಿ ಆ ಪ್ರಶ್ನೆಯನ್ನೋ ಅದಕ್ಕಿಂತ ಚೂಪಾದ ಇನ್ನೊಂದನ್ನೋ ಎತ್ತಿಕೊಂಡಿದ್ದರೆ ಮುಂದುವರಿಸು. ಅಷ್ಟು ಹೊತ್ತಿಗೂ ಬರೀ ಗೌನುಗಳ ವರ್ಣನೆ ನಡೆದಿದ್ದರೆ ಮುಲಾಜಿಲ್ಲದೆ ಮುಚ್ಚಿಡು.

'ಸ್ಪಿನ್ನಿಂಗ್ ಸಿಲ್ವರ್' ಪ್ರತಿ ಕಳಿಸುತ್ತಿದ್ದೇನೆ. ಅದರಲ್ಲಿ ಆರು ಜನ ಸರದಿಯ ಮೇಲೆ "ನಾನು" ಅಂತ ಕಥೆ ಹೇಳುತ್ತಾರೆ, ಅಧ್ಯಾಯಕ್ಕೆ ಹೆಸರು ಹಾಕಿಲ್ಲ. ಮಾತು ಶುರುವಾದ ಮೊದಲ ಎರಡು ಸಾಲಿನಲ್ಲಿ ಯಾರ ಮನೆ, ಯಾರ ಕೆಲಸ ಅಂತ ಹಿಡಿದುಕೋ, ಗೊಂದಲವಾಗುವುದಿಲ್ಲ. ಚೀಟಿಯಲ್ಲಿ ಏನು ಬರೆದೆ ಅಂತ ತಿಳಿಸು.

ನಿನ್ನ,
ವಾಸು